ಕಾಪುವಿನ ದೀಪಸ್ತಂಭ: ಬೆಳಕು ಎಷ್ಟು ದೂರ ಕಾಣುತ್ತದೆ?

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳಲ್ಲಿ ಹುಟ್ಟಿ ಬೆಳೆದವರಿಗೆ ನದಿಯೆಂಬುದು ಹೊಸದಲ್ಲ. ಕಾವೇರಿ, ಕಪಿಲೆ, ಲಕ್ಷ್ಮಣತೀರ್ಥಗಳು ನಮ್ಮ ಗದ್ದೆಗಳ ಅಂಚಿನಲ್ಲಿಯೇ ಹರಿಯುತ್ತವೆ. ಕಡಲು ಹಾಗಲ್ಲ. ಭೂಪಟದ ಮೇಲೆ ನೆಟ್ಟಗೆ ಒಂದು ಗೆರೆ ಎಳೆದು ನೋಡಿದರೆ ಪಶ್ಚಿಮ ಸಮುದ್ರವು ನಮಗೆ ನೂರೈವತ್ತು ಕಿಲೋಮೀಟರಿಗಿಂತಲೂ ಹತ್ತಿರದಲ್ಲಿದೆ. ಆದರೆ ನಡುವೆ ಸಹ್ಯಾದ್ರಿ ಅಡ್ಡ ನಿಂತಿರುವುದರಿಂದ ನಮ್ಮ ನದಿಗಳೆಲ್ಲ ಆ ಸಮುದ್ರಕ್ಕೆ ಬೆನ್ನುಮಾಡಿ, ತಮಿಳುನಾಡನ್ನು ಹಾದು, ಬಂಗಾಳ ಕೊಲ್ಲಿಯನ್ನು ಸೇರುತ್ತವೆ. ನಮ್ಮ ತರಗತಿಯ ವಿದ್ಯಾರ್ಥಿಗಳಲ್ಲಿ ಮುಕ್ಕಾಲು ಪಾಲು ಮಂದಿ ಕಡಲನ್ನು ಕಣ್ಣಾರೆ ಕಂಡವರಲ್ಲ. ದೂರ ಸಾಗುವ ಹಡಗಿನ ಒಡಲು ಮೊದಲು ಮರೆಯಾಗುತ್ತದೆ, ಅದರ ಪಟಸ್ತಂಭ ಆಮೇಲೆ ಮರೆಯಾಗುತ್ತದೆ, ಆದುದರಿಂದ ಭೂಮಿ ಗುಂಡಗಿದೆ ಎಂದು ಅವರು ಪ್ರಾಥಮಿಕ ಶಾಲೆಯಿಂದಲೂ ಬಾಯಿಪಾಠ ಮಾಡಿದ್ದರು. ನಾವೂ ಅದನ್ನೇ ಹೇಳಿಕೊಡುತ್ತ ಬಂದಿದ್ದೆವು. ನಿಜ ಹೇಳಬೇಕೆಂದರೆ, ಆ ಸಂಗತಿಯನ್ನು ನಾವೂ ಗಮನವಿಟ್ಟು ನೋಡಿದವರಾಗಿರಲಿಲ್ಲ.

ಹೀಗಾಗಿ ಕಳೆದ ಜನವರಿಯಲ್ಲಿ ಪದವಿ ತರಗತಿಯ ಮೂವತ್ತೆಂಟು ಮಂದಿ ವಿದ್ಯಾರ್ಥಿಗಳೊಡನೆ ಕಾಪುವಿಗೆ ಹೊರಟೆವು. ಬಸ್ಸು ಹುಣಸೂರನ್ನು ಬಿಟ್ಟು, ಪಿರಿಯಾಪಟ್ಟಣ, ಕುಶಾಲನಗರಗಳನ್ನು ಹಾದು ಮಡಿಕೇರಿಯನ್ನು ಏರಿ, ಸಂಪಾಜೆಯ ಘಟ್ಟದಲ್ಲಿ ಇಳಿಯತೊಡಗಿತು. ಮಡಿಕೇರಿಯಲ್ಲಿ ಒಂದು ಖಾಲಿ ಪ್ಲಾಸ್ಟಿಕ್ ಬಾಟಲಿಯ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ ಇಟ್ಟಿದ್ದೆವು. ಸುಳ್ಯ ತಲಪುವ ಹೊತ್ತಿಗೆ ಅದು ಯಾರೋ ಹಿಂಡಿದಂತೆ ಒಳಗೆ ಕುಸಿದಿತ್ತು. ಬಾಟಲಿಯೊಳಗೆ ಬೆಟ್ಟದ ಮೇಲಣ ತೆಳುಗಾಳಿ, ಹೊರಗೆ ತಗ್ಗಿನ ದಟ್ಟಗಾಳಿ. ಘಟ್ಟದ ಕೆಳಗೆ ಪಯಸ್ವಿನಿಯನ್ನು ಕಂಡಾಗ ನಮ್ಮವನೊಬ್ಬ "ಈ ನೀರು ಎಲ್ಲಿಗೆ ಹೋಗುತ್ತದೆ ಸಾರ್?" ಎಂದ. ಕಾಸರಗೋಡಿನ ಬಳಿ ಅರಬ್ಬೀ ಸಮುದ್ರಕ್ಕೆ ಎಂದೆವು. ಪಶ್ಚಿಮಕ್ಕೆ ಹರಿಯುವ ನೀರನ್ನು ಅವನು ಸ್ವಲ್ಪ ಹೊತ್ತು ಕಿಟಕಿಯಿಂದ ನೋಡುತ್ತಲೇ ಇದ್ದ.

ಕಾಪು ಮಂಗಳೂರಿಗೂ ಉಡುಪಿಗೂ ನಡುವೆ, ಉಡುಪಿಗೆ ಸಮೀಪವಾಗಿ, ಕಡಲಂಚಿನಲ್ಲಿರುವ ಹಳೆಯ ಊರು. ಮೂರು ಮಾರಿಗುಡಿಗಳಿಂದಲೂ ಮೀನಿನಿಂದಲೂ ದೀಪಸ್ತಂಭದಿಂದಲೂ ಅದಕ್ಕೆ ಹೆಸರು. ಮೈಸೂರು ಸೀಮೆಯವರಿಗೆ ಈ ತೀರದ ಸಂಬಂಧ ಇಂದಿನದಲ್ಲ. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದಾಗ ಮೈಸೂರಿಗೆ ಮೊದಲ ಬಾರಿಗೆ ಕಡಲ ತೀರ ದೊರೆಯಿತು. ಮಂಗಳೂರಿನಲ್ಲಿ ಅವನು ನೌಕಾಬಲವನ್ನು ಕಟ್ಟಲು ತೊಡಗಿದ. 1799ರಲ್ಲಿ ಟಿಪ್ಪು ಮಡಿದ ಮೇಲೆ ಆ ತೀರ ಕಂಪೆನಿಯ ಪಾಲಾಯಿತು. ಮರಳಿ ಒಂದೇ ರಾಜ್ಯದೊಳಗೆ ನಾವಿಬ್ಬರೂ ಸೇರಿದ್ದು 1956ರಲ್ಲಿ. ನಡುವಣ ಕಾಲದಲ್ಲಿ, 1901ರಲ್ಲಿ, ಕಾಪುವಿನ ಕಡಲಂಚಿನ ಬಂಡೆಯ ಮೇಲೆ ಈ ದೀಪಸ್ತಂಭ ಎದ್ದಿತು. ಸ್ತಂಭದ ಎತ್ತರ ಸುಮಾರು 27 ಮೀಟರ್.

ನಾವು ಊರು ಸೇರಿದಾಗ ಮಧ್ಯಾಹ್ನವಾಗಿತ್ತು. ಸ್ತಂಭವನ್ನೇರಲು ಸಂದರ್ಶಕರನ್ನು ಬಿಡುವುದು ಸಂಜೆಯ ಹೊತ್ತು ಮಾತ್ರ. ಆದುದರಿಂದ ಮೊದಲು ಊಟ. ಕುಚ್ಚಲಕ್ಕಿಯ ಅನ್ನ, ಬಂಗುಡೆಯ ಪುಳಿಮುಂಚಿ, ಕಾವಲಿಯ ಮೇಲೆ ಹುರಿದ ಬೂತಾಯಿ, ಮರುವಾಯಿ ಸುಕ್ಕ. ಸಂತೆಯಿಂದ ತಂದ ಒಣಮೀನಿನ ಸಾರನ್ನಷ್ಟೇ ಉಂಡು ಗೊತ್ತಿದ್ದ ನಮ್ಮ ಹುಡುಗರು ಎರಡನೆಯ ಬಾರಿ ಅನ್ನ ಬಡಿಸಿಕೊಂಡರು. ಸಸ್ಯಾಹಾರಿಗಳು ಪಕ್ಕದ ಹೋಟೆಲಿಗೆ ಹೋಗಿ ನೀರುದೋಸೆಯಿಂದ ತೃಪ್ತರಾದರು.

ಬಂಗುಡೆ, ಬೂತಾಯಿಗಳು ಈ ತೀರದಲ್ಲಿಯೇ ಇಷ್ಟು ಹೇರಳವಾಗಿರುವುದಕ್ಕೆ ಭೌತಶಾಸ್ತ್ರದಲ್ಲಿ ಕಾರಣವುಂಟು. ಮುಂಗಾರಿನ ತಿಂಗಳುಗಳಲ್ಲಿ ಈ ಕರಾವಳಿಯ ಗುಂಟ ಗಾಳಿ ಹೆಚ್ಚಾಗಿ ಉತ್ತರದ ಕಡೆಯಿಂದ ದಕ್ಷಿಣದ ಕಡೆಗೆ ಓರೆಯಾಗಿ ಬೀಸುತ್ತದೆ. ಭೂಮಿಯು ತಿರುಗುತ್ತಿರುವುದರಿಂದ ಉತ್ತರಾರ್ಧಗೋಳದಲ್ಲಿ ಗಾಳಿಯಿಂದ ತಳ್ಳಲ್ಪಟ್ಟ ಮೇಲ್ನೀರು ಗಾಳಿ ಹೋಗುವ ದಿಕ್ಕಿಗೇ ಹೋಗದೆ ಬಲಕ್ಕೆ ಸರಿಯುತ್ತದೆ. ದಕ್ಷಿಣಕ್ಕೆ ಮುಖಮಾಡಿದವನ ಬಲಗೈ ಪಶ್ಚಿಮ. ಎಂದರೆ ಇಲ್ಲಿ ಮೇಲ್ನೀರು ದಡವನ್ನು ಬಿಟ್ಟು ಆಚೆಗೆ ಹೋಗುತ್ತದೆ. ಅದು ತೆರವು ಮಾಡಿದ ಜಾಗಕ್ಕೆ ಆಳದ ತಣ್ಣನೆಯ ನೀರು ಮೇಲೇರಿ ಬರುತ್ತದೆ. ತಳದಲ್ಲಿ ಕೊಳೆತು ಕರಗಿದ ಸಾರವೆಲ್ಲ ಆ ನೀರಿನಲ್ಲಿರುವುದರಿಂದ, ಗೊಬ್ಬರ ಹಾಕಿದ ಹೊಲದಂತೆ, ಬಿಸಿಲು ತಾಗಿದ ಕೂಡಲೆ ಅದರಲ್ಲಿ ಸೂಕ್ಷ್ಮಸಸ್ಯಗಳು ಹುಲುಸಾಗಿ ಬೆಳೆಯುತ್ತವೆ. ಅವನ್ನು ಮೇಯಲು ಬೂತಾಯಿ ಹಿಂಡುಹಿಂಡಾಗಿ ಬರುತ್ತದೆ. ಯಂತ್ರದ ಬೋಟುಗಳು ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಕಡಲಿಗಿಳಿಯಬಾರದೆಂಬ ನಿಯಮವಿದೆ; ಮೀನು ಮೊಟ್ಟೆಯಿಟ್ಟು ಮರಿಯಾಗುವುದಕ್ಕೆ ಬಿಟ್ಟ ಸಮಯವದು.

ಊಟವಾದ ಮೇಲೆ ಮರಳಿನ ಮೇಲೆ ಪಾಠ. ಹೆಗ್ಗಡದೇವನಕೋಟೆಯ ಕಾಡಂಚಿನ ಹಳ್ಳಿಯ ಹುಡುಗನೊಬ್ಬ ನಮ್ಮಲ್ಲಿದ್ದ. ಅವನ ಮನೆಯವರು ಆನೆಗಳಿಂದ ಬೆಳೆಯನ್ನು ಕಾಯಲು ಹೊಲದಲ್ಲಿ ಅಟ್ಟಣೆ ಕಟ್ಟಿ ರಾತ್ರಿಯೆಲ್ಲ ಬ್ಯಾಟರಿ ಬಿಟ್ಟುಕೊಂಡು ಕೂರುವವರು. ಸ್ತಂಭವನ್ನು ನೋಡಿ ಅವನು ಕೇಳಿದ: "ಸಾರ್, ನಾವು ಅಟ್ಟಣೆ ಕಟ್ಟುವುದು ದೂರ ಕಾಣಲಿ ಅಂತ. ಇವರು ಎತ್ತರ ಕಟ್ಟಿರುವುದು ದೂರದವರಿಗೆ ತಾವು ಕಾಣಲಿ ಅಂತ. ದೀಪವನ್ನೇ ದೊಡ್ಡದು ಮಾಡಿದರೆ ಆಗುತ್ತಿರಲಿಲ್ಲವೇ?"

ಉತ್ತಮವಾದ ಪ್ರಶ್ನೆ. ದೀಪ ಎಷ್ಟೇ ಪ್ರಖರವಾಗಿರಲಿ, ಅದರ ಕಿರಣ ನೆಟ್ಟಗೆ ಹೋಗುತ್ತದೆ. ಕಡಲಿನ ಮೈಯಾದರೋ ಬಾಗಿದೆ. ದೀಪದಿಂದ ಹೊರಟು ನೀರಿನ ಮೈಯನ್ನು ಸವರಿಕೊಂಡು ಹೋಗುವ ಕಿರಣವೇ ಕೊನೆಯ ಕಿರಣ. ಅದರಿಂದಾಚೆ ನೀರಿನ ಮಟ್ಟದಲ್ಲಿರುವ ಕಣ್ಣಿಗೆ ದೀಪ ಕಾಣದು. ಈ ಸವರುವ ಬಿಂದುವಿನ ದೂರವನ್ನು ತಿಳಿಯುವುದು ಸುಲಭ. ಭೂಮಿಯ ತ್ರಿಜ್ಯದ ಎರಡರಷ್ಟನ್ನು ದೀಪದ ಎತ್ತರದಿಂದ ಗುಣಿಸಿ ವರ್ಗಮೂಲವನ್ನು ತೆಗೆಯಬೇಕು, ಅಷ್ಟೆ. ಇದು ಪೈಥಾಗೊರಸನ ಪ್ರಮೇಯದಿಂದ ನೇರವಾಗಿ ಬರುತ್ತದೆ. ವಾಚಕರು ಕಾಗದದ ಮೇಲೆ ಒಂದು ವೃತ್ತವನ್ನೂ ಅದರ ಸ್ಪರ್ಶರೇಖೆಯನ್ನೂ ಎಳೆದು ತಾವೇ ಸಾಧಿಸಿಕೊಳ್ಳಬಹುದು. ತ್ರಿಜ್ಯವನ್ನು 6,371 ಕಿಲೋಮೀಟರ್ ಎಂದು ಹಿಡಿದರೆ ಸೂತ್ರ ಇನ್ನೂ ಸರಳವಾಗುತ್ತದೆ: ಎತ್ತರವನ್ನು ಮೀಟರಿನಲ್ಲಿ ಬರೆದು, ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ದೂರವು ಕಿಲೋಮೀಟರಿನಲ್ಲಿ ಬರುತ್ತದೆ.

ಸ್ತಂಭದ ಎತ್ತರಕ್ಕೆ ಬಂಡೆಯ ಎತ್ತರವನ್ನೂ ಸೇರಿಸಿ, ದೀಪವು ಕಡಲಮಟ್ಟದಿಂದ 36 ಮೀಟರ್ ಮೇಲಿದೆಯೆಂದು ಲೆಕ್ಕಕ್ಕಾಗಿ ಊಹಿಸಿಕೊಂಡೆವು. ವರ್ಗಮೂಲ 6, ದೂರ 21.4 ಕಿಲೋಮೀಟರ್. ಎತ್ತರವನ್ನು ನಾಲ್ಕು ಪಟ್ಟು ಮಾಡಿ 144 ಮೀಟರಿಗೆ ಏರಿಸಿದರೂ ದೂರ ಎರಡು ಪಟ್ಟು ಮಾತ್ರ ಆಗುವುದು. ದೀಪಸ್ತಂಭಗಳನ್ನು ಕಟ್ಟುವವರು ಒಂದು ಮಿತಿಗೆ ಮೇಲೆ ಎತ್ತರಕ್ಕೆ ಆಸೆಪಡದಿರಲು ಇದೇ ಕಾರಣ. ಈ ಲೆಕ್ಕವನ್ನೆಲ್ಲ ಒಂದು ಕಡ್ಡಿಯಿಂದ ಒದ್ದೆ ಮರಳಿನ ಮೇಲೆ ದೊಡ್ಡದಾಗಿ ಬರೆದು, 21.4ರ ಸುತ್ತ ಚೌಕ ಹಾಕಿ, ನಾವು ಸಂತೋಷಪಟ್ಟೆವು.

ಸ್ವಲ್ಪ ದೂರದಲ್ಲಿ ಬಲೆ ಹೆಣೆಯುತ್ತ ಕುಳಿತಿದ್ದ ವಯಸ್ಸಾದ ಮೀನುಗಾರರೊಬ್ಬರು ಎದ್ದುಬಂದು ಚೌಕದೊಳಗಿನ ಅಂಕಿಯನ್ನು ನೋಡಿದರು. ಅದೇನೆಂದು ಕೇಳಿ ತಿಳಿದುಕೊಂಡು, "ಮಾಸ್ಟ್ರೇ, ಇದು ಸರಿ ಬರುವುದಿಲ್ಲ. ನಮಗೆ ಅದಕ್ಕಿಂತ ಎಷ್ಟೋ ಆಚೆಯಿಂದಲೇ ದೀಪ ಕಾಣುತ್ತದೆ. ಹದಿನೈದು, ಹದಿನಾರು ನಾಟಿಕಲ್ ಮೈಲಿನಿಂದ ನೋಡಿದ್ದೇನೆ," ಎಂದರು. ನಾಟಿಕಲ್ ಮೈಲೆಂದರೆ 1.852 ಕಿಲೋಮೀಟರ್. ಅವರು ಹೇಳಿದ ದೂರ 28ರಿಂದ 30 ಕಿಲೋಮೀಟರ್ ಆಯಿತು. ನಮ್ಮ ಲೆಕ್ಕಕ್ಕೂ ಅದಕ್ಕೂ ಅಜಗಜಾಂತರ. ತಮಗೆ ಬೇರಾವುದೋ ದೀಪ ಕಂಡಿರಬಹುದು ಎಂದು ನಾವು ವಿನಯದಿಂದ ಸೂಚಿಸಿದೆವು. ಅವರು ನಕ್ಕರು. "ಹುಟ್ಟಿದ ಊರಿನ ದೀಪ ನಮಗೆ ತಪ್ಪುವುದುಂಟಾ? ಒಂದು ಮಾತು ಹೇಳುತ್ತೇನೆ, ನೋಡಿ. ಅಷ್ಟು ದೂರದಲ್ಲಿ ಬೋಟಿನ ಮೇಲೆ ನಿಂತರೆ ಕಾಣುತ್ತದೆ. ಕೂತರೆ ಇಲ್ಲ."

ನಿಂತರೆ ಕಾಣುತ್ತದೆ, ಕೂತರೆ ಇಲ್ಲ! ಹನ್ನೊಂದು ವರ್ಷ ಈ ಸೂತ್ರವನ್ನು ಕರಿಹಲಗೆಯ ಮೇಲೆ ಬರೆಯುತ್ತ ಬಂದ ನಮಗೆ ಆ ಕ್ಷಣ ಮೈ ಬಿಸಿಯಾಯಿತು. ಸೂತ್ರ ತಪ್ಪಿರಲಿಲ್ಲ. ಆದರೆ ನೋಡುವವನ ಕಣ್ಣು ನೀರಿನ ಮಟ್ಟದಲ್ಲಿದೆಯೆಂದು ಹಿಡಿದು ನಾವು ನಿಲ್ಲಿಸಿಬಿಟ್ಟಿದ್ದೆವು. ಸವರುವ ಬಿಂದುವಿನಿಂದಾಚೆ ಕಿರಣವೇನೂ ಸಾಯುವುದಿಲ್ಲ; ಅದು ನೆಟ್ಟಗೆ ಹೋಗುತ್ತ, ಬಾಗಿ ಇಳಿಯುವ ನೀರಿನಿಂದ ಮೇಲಕ್ಕೆ ಉಳಿಯುತ್ತದೆ. ಅಲ್ಲಿ ಯಾರಾದರೂ ಎತ್ತರದಲ್ಲಿ ಕಣ್ಣಿಟ್ಟಿದ್ದರೆ ಅವರಿಗೆ ಸಿಕ್ಕುತ್ತದೆ. ಆದುದರಿಂದ ಕಣ್ಣಿನ ಎತ್ತರಕ್ಕೂ ಅದೇ ಸೂತ್ರದಿಂದ ದೂರವನ್ನು ಕಂಡುಹಿಡಿದು ಎರಡನ್ನೂ ಕೂಡಿಸಬೇಕು. ಬೋಟಿನ ಮೇಲೆ ನಿಂತವನ ಕಣ್ಣು ನೀರಿನಿಂದ 4 ಮೀಟರ್ ಮೇಲಿದ್ದರೆ ವರ್ಗಮೂಲ 2, ದೂರ 7.1 ಕಿಲೋಮೀಟರ್. ಒಟ್ಟು 28.5.

ಇನ್ನೂ ಒಂದು ಅಂಶ ಉಳಿದಿತ್ತು. ಕಡಲಿನ ಮೇಲಣ ಗಾಳಿ ಕೆಳಗೆ ದಟ್ಟವಾಗಿಯೂ ಮೇಲೆ ವಿರಳವಾಗಿಯೂ ಇರುವುದರಿಂದ ಕಿರಣವು ವಕ್ರೀಭವನಗೊಂಡು ಭೂಮಿಯ ಕಡೆಗೆ ತುಸು ಬಾಗುತ್ತದೆ. ಸಾಮಾನ್ಯ ಹವೆಯಲ್ಲಿ ಇದರಿಂದ ದೂರವು ನೂರಕ್ಕೆ ಎಂಟರಷ್ಟು ಹೆಚ್ಚುತ್ತದೆ. ಒಟ್ಟು ಸುಮಾರು 31 ಕಿಲೋಮೀಟರ್. ಮರಳಿನ ಮೇಲಿನ 21.4ನ್ನು ಒಬ್ಬ ಹುಡುಗಿ ಕಾಲಿನಿಂದ ಒರೆಸಿ ಹೊಸ ಅಂಕಿಯನ್ನು ಬರೆದಳು. 36 ಮೀಟರ್ ಎಂಬುದು ನಮ್ಮ ಊಹೆಯಾದುದರಿಂದ ಈ ಹೊಂದಿಕೆಯನ್ನು ರುಜುವಾತೆನ್ನಲಾಗದು. ಆದರೂ ಮೀನುಗಾರರ ಮಾತನ್ನು ಅಲ್ಲಗಳೆಯಲು ನಮಗಿದ್ದ ಆಧಾರ ಹೋಯಿತೆಂಬುದಂತೂ ನಿಶ್ಚಯ.

ಅವರು ಮತ್ತೊಂದು ಸಂಗತಿಯನ್ನು ತಿಳಿಸಿದರು. ದೀಪ ಕಾಣುವುದಕ್ಕೂ ಮೊದಲು, ಅದು ಇರಬೇಕಾದ ದಿಕ್ಕಿನ ಬಾನಿನಲ್ಲಿ ಬೀಸಣಿಗೆ ಬೀಸಿದಂತೆ ಮಂದವಾದ ಬೆಳಕು ಬಂದು ಹೋಗುತ್ತದೆಯಂತೆ. ಇದೂ ಶಾಸ್ತ್ರಸಮ್ಮತವಾದುದೇ. ದೀಪ ದಿಗಂತದ ಕೆಳಗಿದ್ದರೂ ಅದರ ಕಿರಣ ಹಾಯುವ ದಾರಿಯಲ್ಲಿರುವ ಧೂಳು, ನೀರಿನ ಕಣಗಳು ಬೆಳಕನ್ನು ಎಲ್ಲ ಕಡೆಗೂ ಚೆದರಿಸುತ್ತವೆ. ಚೆದರಿದ ಆ ಬೆಳಕೇ ಮೊದಲು ಕಣ್ಣಿಗೆ ಬೀಳುವುದು. ನಮ್ಮ ಸೀಮೆಯಲ್ಲಿ ರಾತ್ರಿ ತಿರುವಿನಾಚೆಯಿಂದ ಬರುವ ಲಾರಿಯ ದೀಪ ಕಾಣುವ ಮೊದಲೇ ಮರಗಳ ಮೇಲೆ ಅದರ ಬೆಳಕು ಕಾಣುವುದಿಲ್ಲವೇ?

ಸಂಜೆ ಸ್ತಂಭವನ್ನೇರುವ ಹೊತ್ತಾಯಿತು. ವಿದ್ಯಾರ್ಥಿಗಳಲ್ಲಿ ಅರ್ಧ ಮಂದಿಯನ್ನು ಮೇಲಕ್ಕೆ ಕಳುಹಿಸಿ, ಉಳಿದವರನ್ನು ಮರಳಿನ ಮೇಲೆಯೇ ನಿಲ್ಲಿಸಿದೆವು. ಮೊಬೈಲಿನ ಗಡಿಯಾರಗಳನ್ನು ಮೊದಲೇ ಸರಿಹೊಂದಿಸಿಕೊಂಡಿದ್ದರು. ಸಾಮಾನ್ಯವಾಗಿ ಸೂರ್ಯನು ದಿಗಂತವನ್ನು ಮುಟ್ಟುವ ಮೊದಲೇ ಮಬ್ಬಿನಲ್ಲಿ ಕರಗಿಹೋಗುತ್ತಾನೆ. ಆ ದಿನ ನಮ್ಮ ಪುಣ್ಯ, ಬಾನು ತಿಳಿಯಾಗಿತ್ತು. ಕೆಳಗಿದ್ದವರು "ಮುಳುಗಿದ!" ಎಂದು ಕೂಗಿದರು. ಮೇಲಿದ್ದವರಿಗೆ ಸೂರ್ಯನ ಕೆಂಪಂಚು ಇನ್ನೂ ಕಾಣುತ್ತಿತ್ತು. ಅರ್ಧ ನಿಮಿಷಕ್ಕೆ ಸ್ವಲ್ಪ ಮೇಲಾದ ನಂತರವೇ ಅವರಿಂದ ಕೂಗು ಬಂದಿತು. ಒಂದೇ ಊರು, ಒಂದೇ ಸೂರ್ಯ, ಎರಡು ಅಸ್ತಮಾನ. ಭೂಮಿ ಚಪ್ಪಟೆಯಾಗಿದ್ದ ಪಕ್ಷದಲ್ಲಿ ಈ ವ್ಯತ್ಯಾಸಕ್ಕೆ ಎಡೆಯೇ ಇರುತ್ತಿರಲಿಲ್ಲ. ಸ್ತಂಭವಿಲ್ಲದವರೂ ಈ ಪ್ರಯೋಗವನ್ನು ಮಾಡಬಹುದು. ಮರಳಿನ ಮೇಲೆ ಮಲಗಿ ಅಸ್ತಮಾನವನ್ನು ನೋಡಿ, ಅಂಚು ಮರೆಯಾದ ಕೂಡಲೆ ದಡಕ್ಕನೆ ಎದ್ದುನಿಂತರೆ ಸೂರ್ಯ ಆರೇಳು ಸೆಕೆಂಡುಗಳ ಮಟ್ಟಿಗೆ ಮರಳಿ ಕಾಣುತ್ತಾನೆ. ಸೂರ್ಯನನ್ನು ನೇರವಾಗಿ ನೋಡುವುದು ಕಣ್ಣಿಗೆ ಅಪಾಯ. ಕೊನೆಯ ಕೆಂಪಂಚು ಉಳಿದಾಗ ಮಾತ್ರ ದೃಷ್ಟಿಯಿಡಬೇಕು, ದುರ್ಬೀನನ್ನು ಬಳಸಲೇಬಾರದು.

ಎತ್ತರದ ಮಾತಾಯಿತು. ಇನ್ನು ಬೆಳಕಿನ ಮಾತು. ಬರಿಯ ದೀಪವೊಂದು ತನ್ನ ಬೆಳಕನ್ನು ಎಲ್ಲ ದಿಕ್ಕಿಗೂ ಚೆಲ್ಲುತ್ತದೆ. ಆಕಾಶಕ್ಕೆ ಹೋದದ್ದು ನಷ್ಟ, ಸ್ತಂಭದ ಬುಡಕ್ಕೆ ಬಿದ್ದದ್ದು ನಷ್ಟ. ನಾವಿಕನಿಗೆ ಉಪಯೋಗಕ್ಕೆ ಬರುವುದು ದಿಗಂತದ ಕಡೆಗೆ ಹೋಗುವ ತೆಳುವಾದ ಒಂದು ಪದರ ಮಾತ್ರ. ಇಂಗ್ಲೆಂಡಿನ ಎಡಿಸ್ಟೋನ್ ಬಂಡೆಯ ಮೇಲೆ 1759ರಲ್ಲಿ ಸ್ಮೀಟನ್ ಕಟ್ಟಿದ ಹೆಸರಾಂತ ಸ್ತಂಭದಲ್ಲಿ ಇದ್ದದ್ದು 24 ಮೇಣದ ಬತ್ತಿಗಳು. ಕನ್ನಡಿಗಳನ್ನಿಟ್ಟು ನೋಡಿದರು, ಆ ಕಾಲದ ಕನ್ನಡಿಗಳು ಬಿದ್ದ ಬೆಳಕಿನ ಬಹುಭಾಗವನ್ನು ತಾವೇ ನುಂಗುತ್ತಿದ್ದುವು. ದೊಡ್ಡ ಪೀನ ಮಸೂರದ ನಾಭಿಯಲ್ಲಿ ದೀಪವನ್ನಿಟ್ಟರೆ ಕಿರಣಗಳು ಸಮಾಂತರವಾಗಿ ಹೊರಡುವುವೇನೋ ನಿಜ, ಆದರೆ ಆಳೆತ್ತರದ ಮಸೂರವನ್ನು ಗಾಜಿನಲ್ಲಿ ಎರಕಹೊಯ್ದರೆ ಅದರ ಭಾರವನ್ನು ಹೊರುವವರಾರು? ಅಷ್ಟು ದಪ್ಪದ ಗಾಜನ್ನು ದಾಟುವಾಗಲೇ ಬೆಳಕು ಸೊರಗುತ್ತದೆ.

ಈ ತೊಡಕನ್ನು ಬಿಡಿಸಿದವನು ಫ್ರಾನ್ಸಿನ ಆಗಸ್ಟಿನ್ ಫ್ರೆನೆಲ್. ಬೆಳಕು ಅಲೆಯೆಂದು ಸಾಧಿಸಿದವರಲ್ಲಿ ಅಗ್ರಗಣ್ಯನಾದ ಈತ ವೃತ್ತಿಯಿಂದ ಇಂಜಿನಿಯರು. ಅವನ ವಿಚಾರ ಹೀಗೆ. ಬೆಳಕು ಬಾಗುವುದು ಮಸೂರದ ಮೇಲ್ಮೈಯಲ್ಲಿ. ಒಳಗಿನ ಗಾಜಿನಲ್ಲಿ ಅದು ನೆಟ್ಟಗೆ ಹೋಗುತ್ತದೆ. ಹಾಗಾದರೆ ಒಳಗಿನ ಗಾಜು ಏತಕ್ಕೆ? ಮಗುಚಿಟ್ಟ ಬೆಲ್ಲದ ಅರೆಯುಂಡೆಯಂತಿರುವ ಮಸೂರವೊಂದನ್ನು ಕಲ್ಪಿಸಿಕೊಳ್ಳಿ. ಅದನ್ನು ಒಂದರ ಸುತ್ತ ಒಂದರಂತೆ ಬಳೆಗಳಾಗಿ ಸೀಳಿ, ಪ್ರತಿಯೊಂದು ಬಳೆಯ ಅಡಿಯಿಂದಲೂ ಕೆಲಸಕ್ಕೆ ಬಾರದ ಗಾಜನ್ನು ಕತ್ತರಿಸಿ ತೆಗೆದು, ಬಾಗಿದ ಮೇಲ್ಮೈಯನ್ನು ಮಾತ್ರ ಉಳಿಸಿ, ಎಲ್ಲವನ್ನೂ ಒಂದೇ ಮಟ್ಟಕ್ಕೆ ಇಳಿಸಿ ಕೂಡಿಸಬೇಕು. ಮಸೂರ ತೆಳುವಾಯಿತು, ಹಗುರವಾಯಿತು, ಕೆಲಸ ಮೊದಲಿನದೇ. ಇಂಥ ಮಸೂರವನ್ನು ಅವನು 1823ರಲ್ಲಿ ಜಿರೊಂಡ್ ನದೀಮುಖದ ಕೊರ್ದುವಾನ್ ದೀಪಸ್ತಂಭದಲ್ಲಿ ಸ್ಥಾಪಿಸಿದ. ಬಳೆಗಳಿಗೂ ಹೊರಗೆ, ಮೇಲೂ ಕೆಳಗೂ, ಗಾಜಿನ ಪಟ್ಟಕಗಳನ್ನು ಜೋಡಿಸಿ ಸಂಪೂರ್ಣ ಆಂತರಿಕ ಪ್ರತಿಫಲನದಿಂದ ಉಳಿದ ಕಿರಣಗಳನ್ನೂ ದಿಗಂತದ ಕಡೆಗೆ ತಿರುಗಿಸುವ ಏರ್ಪಾಡು ಅವನದೇ. ಮೊದಲ ದರ್ಜೆಯ ದೀಪಗಳಲ್ಲಿ ದೀಪಕ್ಕೂ ಮಸೂರಕ್ಕೂ ನಡುವಣ ದೂರ 920 ಮಿಲಿಮೀಟರ್. ಒಬ್ಬ ಮನುಷ್ಯ ಒಳಗೆ ನಿಂತು ಕೆಲಸ ಮಾಡಬಹುದು. ಫ್ರೆನೆಲ್ 1827ರಲ್ಲಿ ಕ್ಷಯದಿಂದ ತೀರಿಕೊಂಡ. ಆಗ ಅವನಿಗೆ 39 ವರ್ಷ. ಹಳೆಯ ಬಸ್ಸು ಲಾರಿಗಳ ಮುಂದೀಪದ ಗಾಜಿನ ಮೇಲಿನ ಏಣುಗಳು, ಅಕ್ಷರವನ್ನು ಹಿಗ್ಗಿಸುವ ತೆಳುಹಾಳೆಯ ಮಸೂರ ಇವೆಲ್ಲ ಆ ಸ್ತಂಭದೀಪದ ಒಕ್ಕಲೇ.

ಇಷ್ಟಾದರೂ ಕಡಲಿನಲ್ಲಿರುವವನಿಗೆ ಸಮಸ್ಯೆ ತೀರಲಿಲ್ಲ. ದೀಪವೊಂದು ಕಂಡಿತು, ಸರಿ. ಯಾವ ಊರಿನ ದೀಪ? ಇದಕ್ಕಾಗಿ ಪ್ರತಿಯೊಂದು ಸ್ತಂಭಕ್ಕೂ ಅದರದೇ ಆದ ಮಿನುಗಿನ ತಾಳವನ್ನು ಗೊತ್ತುಮಾಡಿರುತ್ತಾರೆ. ಎಷ್ಟು ಮಿಂಚು, ಎಷ್ಟು ಹೊತ್ತಿನ ಕತ್ತಲೆ, ಎಷ್ಟು ಸೆಕೆಂಡಿಗೆ ಮರಳಿ ಮೊದಲು ಎಂಬುದು ನಾವಿಕರ ಪುಸ್ತಕದಲ್ಲಿ ದಾಖಲಾಗಿರುತ್ತದೆ. ದೀಪವನ್ನು ಆರಿಸಿ ಹೊತ್ತಿಸುವುದರಿಂದಲ್ಲ, ಉರಿಯುವ ದೀಪದ ಸುತ್ತ ಮಸೂರವನ್ನೇ ತಿರುಗಿಸುವುದರಿಂದ ಹಿಂದಿನವರು ಈ ತಾಳವನ್ನು ಸಾಧಿಸುತ್ತಿದ್ದರು. ಸ್ತಂಭದೊಳಗೆ ಮೇಲಿನಿಂದ ಕೆಳಗಿಳಿಯುವ ತೂಕದ ಗುಂಡು, ಗಡಿಯಾರದಂತಹ ಯಂತ್ರ; ಟನ್ನುಗಟ್ಟಲೆ ಭಾರದ ಮಸೂರವು ಪಾದರಸದ ತೊಟ್ಟಿಯಲ್ಲಿ ತೇಲುತ್ತಿದ್ದುದರಿಂದ ಬೆರಳಿನಿಂದ ತಳ್ಳಿದರೂ ತಿರುಗುತ್ತಿತ್ತು. ಪಾದರಸದ ಆವಿಯಾದರೋ ದೀಪಪಾಲಕರ ಆರೋಗ್ಯಕ್ಕೆ ಹಾನಿಕರವಾಗಿತ್ತು. ದೀಪವೂ ಎಣ್ಣೆಬತ್ತಿಯಿಂದ ಸೀಮೆಎಣ್ಣೆಯ ಆವಿಯ ಮ್ಯಾಂಟಲ್‌ಗೆ, ಎಂದರೆ ನಮ್ಮ ಹಳೆಯ ಮದುವೆ ಚಪ್ಪರಗಳ ಪೆಟ್ರೊಮ್ಯಾಕ್ಸಿನ ಜಾತಿಗೆ, ಅಲ್ಲಿಂದ ವಿದ್ಯುತ್ತಿಗೆ ಬಂದಿತು.

ಈಗ ಬೋಟಿನಲ್ಲಿ ಜಿಪಿಎಸ್ ಇರುವಾಗ ದೀಪವೇಕೆ ಎಂದು ಕೆಲವರು ಕೇಳುವುದುಂಟು. ಮೀನುಗಾರರನ್ನು ಕೇಳಿದೆವು. ಯಂತ್ರವನ್ನೂ ನೋಡುತ್ತೇವೆ, ದೀಪವನ್ನೂ ನೋಡುತ್ತೇವೆ ಎಂದರು. ಯಂತ್ರಕ್ಕೆ ಬ್ಯಾಟರಿ ಬೇಕು, ಅಲೆ ನುಗ್ಗಿ ನೀರು ಕುಡಿದರೆ ಅದು ನಿಲ್ಲುತ್ತದೆ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಏಳು ಮಂದಿಯನ್ನು ಹೊತ್ತು ಹೊರಟ 'ಸುವರ್ಣ ತ್ರಿಭುಜ' ಎಂಬ ಬೋಟು ಮಹಾರಾಷ್ಟ್ರದ ತೀರದಾಚೆ ಕಾಣೆಯಾಯಿತು. ಅದರ ಅವಶೇಷವನ್ನು ನೌಕಾಪಡೆಯವರು ಸಮುದ್ರತಳದಲ್ಲಿ ಕಂಡುಹಿಡಿದದ್ದು 2019ರ ಮೇ ತಿಂಗಳಲ್ಲಿ. ಆ ಹೆಸರನ್ನೆತ್ತಿದಾಗ ಮೀನುಗಾರರು ಬಲೆಯ ಗಂಟನ್ನು ಬಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. ನಾವು ಮುಂದೆ ಕೇಳಲಿಲ್ಲ.

ಬದಲಿಗೆ ಅವರೇ ಕಡಲಿನ ಮತ್ತೊಂದು ಬೆಳಕಿನ ಮಾತನ್ನು ತೆಗೆದರು. ಚಂದ್ರನಿಲ್ಲದ ರಾತ್ರಿ ನೀರಿನಡಿಯಲ್ಲಿ ಮೀನಿನ ಹಿಂಡು ಹಾಯುವಾಗ ಅಲ್ಲೆಲ್ಲ ನೀಲಿಬೆಳಕು ಹೊಳೆಯುತ್ತದೆ. ಹೊಳಪಿನ ಆಕಾರವನ್ನು ನೋಡಿ ಯಾವ ಮೀನೆಂದು ಹೇಳಬಲ್ಲವರು ಹಿಂದೆ ಇದ್ದರಂತೆ. ಮಧ್ಯಾಹ್ನ ನಾವು ಹೇಳಿದ ಅದೇ ಸೂಕ್ಷ್ಮಜೀವಿಗಳ ಬಳಗದಲ್ಲಿ ಕೆಲವಕ್ಕೆ, ನೀರು ಕಲಕಿದಾಗ, ಶಾಖವಿಲ್ಲದ ಬೆಳಕನ್ನು ಹೊಮ್ಮಿಸುವ ರಾಸಾಯನಿಕ ಶಕ್ತಿಯುಂಟು. ಬೋಟಿನಿಂದಲೇ ಪ್ರಖರವಾದ ಎಲ್‌ಇಡಿ ದೀಪಗಳನ್ನು ಬಿಟ್ಟು ಮೀನನ್ನು ಸೆಳೆದು ಬಾಚುವ ಪದ್ಧತಿಯೂ ಬಂದಿತು. ಮರಿಮೀನುಗಳೂ ಸೇರಿ ಎಲ್ಲವೂ ಬಲೆಗೆ ಬೀಳುವುದರಿಂದ ಕೇಂದ್ರಸರ್ಕಾರ 2017ರಲ್ಲಿ ಅದನ್ನು ನಿಷೇಧಿಸಿತು.

ಕತ್ತಲಾಯಿತು. ಮೇಲೆ ದೀಪ ತಿರುಗತೊಡಗಿತು. ವಿದ್ಯಾರ್ಥಿಗಳು ಮೊಬೈಲ್ ಹಿಡಿದು ಮಿಂಚುಗಳ ನಡುವಣ ಸೆಕೆಂಡುಗಳನ್ನು ಎಣಿಸಿ, ತಮ್ಮ ತಮ್ಮ ಎಣಿಕೆಗಳ ಬಗ್ಗೆ ಜಗಳವಾಡಿಕೊಂಡು, ಸರಾಸರಿ ತೆಗೆದು ಪುಸ್ತಕದಲ್ಲಿ ಬರೆದುಕೊಂಡರು. ಮೀನುಗಾರರಿಗೆ ನಮಸ್ಕರಿಸಿ ಬಸ್ಸನ್ನೇರಿದೆವು. ಹೆದ್ದಾರಿಯಲ್ಲಿ ತೆಂಗಿನ ತೋಟಗಳ ಸಂದಿನಿಂದ ಬಾನಿನಲ್ಲಿ ಆ ಬೀಸುಬೆಳಕು ಸ್ವಲ್ಪ ದೂರ ಕಾಣುತ್ತಿತ್ತು. ಹೆಗ್ಗಡದೇವನಕೋಟೆಯ ಹುಡುಗ ಹಿಂದಿನ ಸೀಟಿನಲ್ಲಿ ಕಾಗದದ ಮೇಲೆ ಏನನ್ನೋ ಗುಣಿಸುತ್ತಿದ್ದ. ನೋಡಿದರೆ ತನ್ನ ಅಟ್ಟಣೆಯ ಲೆಕ್ಕ: ಕಣ್ಣಿನ ಎತ್ತರ 5 ಮೀಟರ್, ದಿಗಂತ ಸುಮಾರು 8 ಕಿಲೋಮೀಟರ್. "ಆದರೆ ಸಾರ್, ನಮ್ಮಲ್ಲಿ ಎಂಟು ಕಿಲೋಮೀಟರ್ ಎಲ್ಲಿ ಕಾಣುತ್ತದೆ? ನೂರು ಮೀಟರಿಗೇ ಕಾಡು ಬಂದುಬಿಡುತ್ತದೆ," ಎಂದ. ಕಬಿನಿ ಜಲಾಶಯ ತುಂಬಿದಾಗ ಅದರ ಏರಿಯ ಮೇಲಿಂದ ಈ ಲೆಕ್ಕವನ್ನು ಪರೀಕ್ಷಿಸಬಹುದೆಂದು ಅವನಿಗೆ ಹೇಳಿದ್ದೇವೆ.